ಪಿಚರ್ ಅಂತ ಬರೆಯಲೋ, ಔಟ್‌ಫೀಲ್ಡರ್ ಅಂತ ಬರೆಯಲೋ

ಅಮೆರಿಕದ ಹೈಸ್ಕೂಲ್ ಬೇಸ್‌ಬಾಲ್ ತಂಡಗಳಲ್ಲಿ ಯಾರ ಕೈಗೆ ಜೋರು ಜಾಸ್ತಿಯೋ ಅವನೇ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡೆಸೆಯುವವನು. ಅವನು ಚೆನ್ನಾಗಿ ಓಡುತ್ತಾನೆ, ಹೊಡೆಯುತ್ತಾನೆ ಅಂತಾದರೆ ಪಿಚಿಂಗ್ ಇಲ್ಲದ ದಿನ ಔಟ್‌ಫೀಲ್ಡ್‌ನಲ್ಲಿ, ಅಂದರೆ ಮೈದಾನದ ಹೊರಭಾಗದಲ್ಲಿ, ಫೀಲ್ಡಿಂಗ್‌ಗೆ ನಿಲ್ಲಿಸುತ್ತಾರೆ. ಶಾಲೆಯ ಕೋಚ್‌ಗೆ ಇದರಲ್ಲಿ ಗೊಂದಲವೇ ಇಲ್ಲ. ಅವರಿಗೆ ಶುಕ್ರವಾರದ ಪಂದ್ಯ ಗೆದ್ದರೆ ಸಾಕು. ತಲೆನೋವು ಶುರುವಾಗುವುದು ನಮ್ಮಂಥವರಿಗೆ. ಇನ್ನು ಆರೇಳು ವರ್ಷಕ್ಕೆ ಈ ಹುಡುಗ ಏನಾಗಿರುತ್ತಾನೆ ಅಂತ ನಾವು ಬರೆದು ಕೊಡಬೇಕು. ಅದೂ ಅಂಕಿಯಲ್ಲಿ.

ನಮ್ಮಂಥವರು ಅಂದರೆ ಅಸೋಸಿಯೇಟ್ ಸ್ಕೌಟ್‌ಗಳು, ತಂಡಗಳಿಗೆ ಹೊಸ ಹುಡುಗರನ್ನು ಹುಡುಕಿ ಕೊಡುವವರು. ಇಲ್ಲಿನ ಬೇಸ್‌ಬಾಲ್‌ನ ಅತಿ ಮೇಲಿನ ಹಂತವಾದ ಮೇಜರ್ ಲೀಗ್‌ನ ತಂಡಗಳು ದೇಶವನ್ನು ಭಾಗ ಮಾಡಿ ಒಂದೊಂದು ಭಾಗಕ್ಕೆ ಒಬ್ಬ ಏರಿಯಾ ಸ್ಕೌಟ್ ಇಟ್ಟಿರುತ್ತವೆ. ಅವರಿಗೆ ಸಂಬಳ ಇದೆ. ಆದರೆ ಟೆಕ್ಸಸ್‌ನಂಥ ರಾಜ್ಯದಲ್ಲಿ ಒಬ್ಬರೇ ಎಷ್ಟು ಮೈದಾನ ಸುತ್ತಿಯಾರು? ಹಾಗಾಗಿ ಊರಲ್ಲೇ ಇರುವ, ಆಟ ಬಲ್ಲ ಕೆಲವರಿಗೆ ಕಣ್ಣಿಟ್ಟಿರಿ ಅಂತ ಹೇಳಿರುತ್ತಾರೆ. ನಮಗೆ ಸಂಬಳ ಇಲ್ಲ. ಒಂದು ಟೋಪಿ, ಒಂದು ಜಾಕೆಟ್. ನಾವು ತೋರಿಸಿದ ಹುಡುಗ ತಂಡಕ್ಕೆ ಸಹಿ ಹಾಕಿದರೆ ಕೈಗೆ ಸ್ವಲ್ಪ ದುಡ್ಡು.

ನಾನಿರುವುದು ಡಾಲಸ್‌ನ ಉತ್ತರಕ್ಕೆ, ಪ್ಲೇನೋ ಕಡೆ. ಹಗಲು ಸಾಫ್ಟ್‌ವೇರ್ ಕೆಲಸ. ಹಾಸನದಲ್ಲಿ ಓದುವಾಗ ಕಾಲೇಜು ತಂಡಕ್ಕೆ ವೇಗದ ಬೌಲಿಂಗ್ ಮಾಡುತ್ತಿದ್ದೆ. ಇಲ್ಲಿ ಮಗ ಲಿಟಲ್ ಲೀಗ್ ಸೇರಿದಾಗ ಸುಮ್ನೆ ಕೂರುವ ಬದಲು ಸ್ಕೋರ್ ಬರೆಯೋಣ ಅಂತ ಕೂತೆ. ಮಗನಿಗೆ ಆಟ ಬೇಜಾರಾಗಿ ಈಜಿಗೆ ಹೋದ. ನಾನು ಅಲ್ಲೇ ಉಳಿದೆ. ಆಗ ಪರಿಚಯವಾದವರು ಅರವತ್ತು ದಾಟಿದ ಒಬ್ಬ ಏರಿಯಾ ಸ್ಕೌಟ್. 'ಎಲ್ಲರೂ ಚೆಂಡು ನೋಡ್ತಾರೆ, ನೀನು ಭುಜ ನೋಡ್ತೀಯಲ್ಲ' ಅಂದರು. ವೇಗದ ಬೌಲಿಂಗ್ ಮಾಡಿ ಭುಜ ನೋಯಿಸಿಕೊಂಡವನು ಬೇರೇನು ನೋಡಿಯಾನು!

ಅವರೇ ಒಂದು ಫೆಬ್ರವರಿಯಲ್ಲಿ ಈ ಹುಡುಗನ ವಿಷಯ ಹೇಳಿದ್ದು. ಹೈಸ್ಕೂಲಿನ ಕೊನೆಯ ವರ್ಷ. ಆರಡಿ ಎರಡಂಗುಲ, ಇನ್ನೂ ಮೈ ತುಂಬಿಲ್ಲ. ಬಲಗೈಯಲ್ಲಿ ಎಸೆಯುತ್ತಾನೆ, ಎಡಗೈ ಬ್ಯಾಟರ್. 'ಎರಡು ರಿಪೋರ್ಟ್ ಬೇಕು, ಒಂದು ಪಿಚರ್ ಅಂತ, ಒಂದು ಔಟ್‌ಫೀಲ್ಡರ್ ಅಂತ. ಒಂದನ್ನೊಂದು ನೋಡಿಕೊಂಡು ಬರೆಯಬೇಡ' ಅಂತ ತಾಕೀತು ಮಾಡಿದರು.

ಈ ರಿಪೋರ್ಟ್‌ನ ಲೆಕ್ಕ ಮೊದಲು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗದು. ಅಳತೆ 20ರಿಂದ 80ರವರೆಗೆ. ಕಪ್ಪು ಆಟಗಾರ ಜಾಕಿ ರಾಬಿನ್‌ಸನ್‌ರನ್ನು ಮೇಜರ್ ಲೀಗ್‌ಗೆ ತಂದ ಬ್ರಾಂಚ್ ರಿಕಿ ಕಾಲದಿಂದ ಬಂದದ್ದು ಅನ್ನುತ್ತಾರೆ. 50 ಅಂದರೆ ಮೇಜರ್ ಲೀಗ್‌ನ ಸರಾಸರಿ. 60 ಅಂದರೆ ಎದ್ದು ಕಾಣುವವನು. 80 ಅಂದರೆ ಜನ ಟಿಕೆಟ್ ತೆಗೆದುಕೊಂಡು ಅದೊಂದನ್ನೇ ನೋಡಲು ಬರುತ್ತಾರೆ. ಔಟ್‌ಫೀಲ್ಡರ್ ಆದರೆ ಐದು ಗುಣಕ್ಕೆ ಅಂಕ: ಬ್ಯಾಟಿಂಗ್, ಹೊಡೆತದ ಬಲ, ಓಟ, ಫೀಲ್ಡಿಂಗ್, ಎಸೆತ. ಪಿಚರ್ ಆದರೆ ಅವನ ಒಂದೊಂದು ಬಗೆಯ ಎಸೆತಕ್ಕೆ, ಜೊತೆಗೆ ಹತೋಟಿಗೆ. ಪ್ರತಿಯೊಂದಕ್ಕೂ ಎರಡು ಅಂಕಿ, ಇವತ್ತು ಎಷ್ಟು, ಮುಂದೆ ಎಷ್ಟು. ಹೈಸ್ಕೂಲ್ ಹುಡುಗನ ಬ್ಯಾಟಿಂಗ್‌ಗೆ ಇವತ್ತಿನ ಅಂಕ 20, 25 ಬಂದರೆ ಅದು ಬೈಗುಳ ಅಲ್ಲ. ಅವನನ್ನು ಶಾಲೆಯ ಪಿಚರ್ ಎದುರು ಅಲ್ಲ, ಮೇಜರ್ ಲೀಗ್ ಪಿಚರ್ ಎದುರು ನಿಲ್ಲಿಸಿ ಅಳೆಯುತ್ತಿದ್ದೇವೆ.

ಬೆಳೆಯುವ ಸಿರಿ ಮೊಳಕೆಯಲ್ಲಿ ಅನ್ನುತ್ತೇವಲ್ಲ, ಈ ಕಸುಬು ನಿಂತಿರುವುದೇ ಆ ಗಾದೆಯ ಮೇಲೆ. ಆದರೆ ಒಂದೇ ಮೊಳಕೆ ಎರಡು ಬೆಳೆ ತೋರಿಸಿದರೆ ಯಾವುದನ್ನು ನಂಬೋದು?

ನಾನು ಮೊದಲು ಅವನನ್ನು ನೋಡಿದ್ದು ಔಟ್‌ಫೀಲ್ಡರ್ ಆಗಿ. ಟೆಕ್ಸಸ್‌ನಲ್ಲಿ ಹೈಸ್ಕೂಲ್ ಪಂದ್ಯಗಳು ಹೆಚ್ಚಾಗಿ ಮಂಗಳವಾರ, ಶುಕ್ರವಾರ. ಸ್ಕೌಟ್ ಆದವನು ಪಂದ್ಯಕ್ಕೆ ಒಂದೂವರೆ ಗಂಟೆ ಮೊದಲೇ ಹೋಗಬೇಕು. ಬ್ಯಾಟಿಂಗ್ ಪ್ರಾಕ್ಟೀಸ್ ಮತ್ತು ಔಟ್‌ಫೀಲ್ಡ್‌ನಿಂದ ಎಸೆಯುವ ಅಭ್ಯಾಸ ನೋಡಲು ಸಿಗುವುದು ಆಗಲೇ. ಪಂದ್ಯ ಶುರುವಾದ ಮೇಲೆ ಅವನ ಕಡೆ ಚೆಂಡೇ ಬರದೇ ಹೋಗಬಹುದು. ಏಳು ಇನ್ನಿಂಗ್ ಪೂರ್ತಿ ಕೂತು, ಒಂದು ಸುಲಭದ ಕ್ಯಾಚ್ ಮಾತ್ರ ನೋಡಿ ಮನೆಗೆ ಬರುವುದು ಮಾಮೂಲು.

ಅವತ್ತು ಅವನು ರೈಟ್ ಫೀಲ್ಡ್‌ನಿಂದ, ಅಂದರೆ ಔಟ್‌ಫೀಲ್ಡ್‌ನ ಬಲಭಾಗದಿಂದ, ಆಚೆ ಬದಿಯ ಮೂರನೇ ಬೇಸ್‌ಗೆ ಎಸೆದದ್ದು ಈಗಲೂ ನೆನಪಿದೆ (ಓಟಗಾರ ಒಂದೊಂದಾಗಿ ಮುಟ್ಟಬೇಕಾದ ಗುರುತುಗಳೇ ಬೇಸ್). ಚೆಂಡು ಮೇಲೇರಿ ಕೆಳಗಿಳಿಯಲಿಲ್ಲ. ಎದೆಮಟ್ಟದಲ್ಲೇ ಹೋಗಿ ಒಂದು ಪುಟ ಬಿದ್ದು ನೇರ ಬೇಸ್‌ಮನ್‌ನ ಗ್ಲೌಸ್‌ಗೆ. ಪಕ್ಕದಲ್ಲಿದ್ದ ಬೇರೆ ತಂಡದ ಸ್ಕೌಟ್ ತಲೆ ಎತ್ತದೆ ನೋಟ್‌ಬುಕ್‌ನಲ್ಲಿ ಏನೋ ಬರೆದುಕೊಂಡರು. ಅಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಊಟ, ಹೋಟೆಲ್, ದಾರಿಯ ಟ್ರಾಫಿಕ್ ಬಗ್ಗೆ ಎಷ್ಟು ಬೇಕಾದರೂ ಮಾತಾಡುತ್ತಾರೆ. ಹುಡುಗನ ಬಗ್ಗೆ ಮಾತ್ರ ಒಂದಕ್ಷರ ಇಲ್ಲ. ನಾನು ಎಸೆತಕ್ಕೆ 60 ಬರೆದೆ.

ಓಟ ಅಳೆಯಲು ಸ್ಟಾಪ್‌ವಾಚ್. ಬ್ಯಾಟ್‌ಗೆ ಚೆಂಡು ತಾಗಿದ ಸದ್ದಿಗೆ ಒತ್ತಬೇಕು, ಮೊದಲ ಬೇಸ್ ಮೇಲೆ ಕಾಲು ಬಿದ್ದಾಗ ನಿಲ್ಲಿಸಬೇಕು. ದೂರ 90 ಅಡಿ. ಬಲಗೈ ಬ್ಯಾಟರ್‌ಗೆ 4.3 ಸೆಕೆಂಡ್ ಆದರೆ 50 ಅಂಕ. ಎಡಗೈಯವನು ಬೇಸ್‌ಗೆ ಒಂದು ಹೆಜ್ಜೆ ಹತ್ತಿರ ನಿಂತಿರುತ್ತಾನೆ, ಹಾಗಾಗಿ ಅವನಿಗೆ 4.2. ಇವನದು 4.1ರ ಆಸುಪಾಸು. ಇದರಲ್ಲೂ ಒಂದು ಸೂಕ್ಷ್ಮ ಇದೆ. ಹೇಗೂ ಔಟ್ ಅಂತ ಗೊತ್ತಾದಾಗ ಯಾರೂ ಜೀವ ಬಿಟ್ಟು ಓಡುವುದಿಲ್ಲ. ಬಂಟ್ ಮಾಡಿದಾಗ, ಅಂದರೆ ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲಗೆ ತಳ್ಳಿದಾಗ, ಚೆಂಡು ತಾಗುವ ಮೊದಲೇ ಓಟ ಶುರುವಾಗಿರುತ್ತದೆ. ಅವೆರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ನಿಜವಾಗಿ ಪೈಪೋಟಿ ಇದ್ದಾಗ ಓಡಿದ್ದು ಮಾತ್ರ ಓಟ.

ಎಲ್ಲಕ್ಕಿಂತ ಕಷ್ಟ ಬ್ಯಾಟಿಂಗ್ ಅಳೆಯುವುದು. ಇಲ್ಲಿನ ಶಾಲೆಗಳಲ್ಲಿ ಲೋಹದ ಬ್ಯಾಟ್. 2012ರಿಂದ ಬಿಗಿ ನಿಯಮ ಬಂದ ಮೇಲೆ ಮೊದಲಿನಂತೆ ಚೆಂಡು ಚಿಮ್ಮುವುದಿಲ್ಲ, ಆದರೂ ಅದು ಮೇಜರ್ ಲೀಗ್‌ನ ಮರದ ಬ್ಯಾಟ್ ಅಲ್ಲ. ಬ್ಯಾಟಿನ ಬುಡಕ್ಕೆ ಬಡಿದ ಚೆಂಡೂ ಒಮ್ಮೊಮ್ಮೆ ಹೋಗಿ ಖಾಲಿ ಜಾಗದಲ್ಲಿ ಬೀಳುತ್ತದೆ. ಅದಕ್ಕಿಂತ ದೊಡ್ಡ ತೊಡಕು, ಎದುರಿನ ಪಿಚರ್ ಗಂಟೆಗೆ 78, 80 ಮೈಲಿ ವೇಗದಲ್ಲಿ ಎಸೆಯುತ್ತಿರುತ್ತಾನೆ. ಆ ಎಸೆತಕ್ಕೆ ಹೋಂ ರನ್ (ನಮ್ಮ ಸಿಕ್ಸರ್‌ನಂಥದ್ದು) ಹೊಡೆದವನು 95 ಮೈಲಿಗೆ ಏನು ಮಾಡುತ್ತಾನೆ ಅಂತ ಹೇಗೆ ಹೇಳೋದು? ಹಾಗಾಗಿ ನಾನು ಅವನ ಹೋಂ ರನ್‌ಗಳನ್ನು ಬರೆದುಕೊಳ್ಳುವುದನ್ನೇ ಬಿಟ್ಟೆ. ಒಳ್ಳೆಯ ವೇಗದ ಪಿಚರ್ ಇರುವ ಶಾಲೆಯ ಜೊತೆ ಪಂದ್ಯ ಬರುವವರೆಗೆ ಕಾದೆ.

ಬಂತು. ಎದುರಿನವನು 90 ಮೈಲಿ ಮುಟ್ಟುತ್ತಿದ್ದ ಎಡಗೈ ಪಿಚರ್. ಸ್ಕೋರ್ ಪುಸ್ತಕದಲ್ಲಿ ಅವತ್ತು ನಮ್ಮ ಹುಡುಗನ ಹೆಸರಿನ ಮುಂದೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಒಂದು ವಾಕ್ (ಪಿಚರ್ ಗುರಿ ತಪ್ಪಿದ್ದಕ್ಕೆ ಪುಕ್ಕಟೆ ಸಿಗುವ ಬೇಸ್), ಒಂದು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಆಗಿ ಔಟ್), ಒಂದು ಕ್ಯಾಚ್ ಔಟ್. ಆದರೆ ಆ ಸ್ಟ್ರೈಕ್‌ಔಟ್‌ಗೆ ಮುಂಚೆ ಅವನು ಸತತವಾಗಿ ಫೌಲ್, ಅಂದರೆ ಆಟದ ಗೆರೆಯಾಚೆ ಹೋಗುವ ಹೊಡೆತ, ಹೊಡೆದ. ಆ ಚೆಂಡುಗಳು ಪಕ್ಕಕ್ಕೆ ಹೋಗಲಿಲ್ಲ, ನೇರ ಹಿಂದಿನ ಬಲೆಗೆ ಬಡಿದವು. ಬ್ಯಾಟ್ ತಡವಾದರೆ ಎಡಗೈಯವನ ಫೌಲ್ ಮೂರನೇ ಬೇಸ್ ಕಡೆ ಹೋಗುತ್ತದೆ. ನೇರ ಹಿಂದಕ್ಕೆ ಹೋಯಿತು ಅಂದರೆ ಸಮಯ ಸರಿಯಾಗಿತ್ತು, ಕೂದಲೆಳೆಯಷ್ಟು ಕೆಳಗೆ ತಾಗಿತು ಅಂತ ಅರ್ಥ. ನಾನು ಕೂತಿದ್ದು ಮೂರನೇ ಬೇಸ್ ಕಡೆ. ಎಡಗೈ ಬ್ಯಾಟರ್‌ನ ಎದೆ, ಕೈ, ಸೊಂಟ ಎಲ್ಲ ಕಾಣುವುದು ಅಲ್ಲಿಂದಲೇ. ಅವನ ಮುಂಗಾಲು ನೆಲಕ್ಕೆ ಊರಿದಾಗ ಕೈಗಳು ಇನ್ನೂ ಹಿಂದೆಯೇ ಇದ್ದವು. ತಿರುಗಿ ಕೆಳಗಿಳಿಯುವ ಕರ್ವ್‌ಬಾಲ್‌ಗೆ ಮೋಸಹೋದಾಗಲೂ ಮೈ ಮುಂದಕ್ಕೆ ಬಾಗಲಿಲ್ಲ. ಇದನ್ನು ಕಲಿಸಿ ಬರಿಸುವುದು ಬಹಳ ಕಷ್ಟ. ಬ್ಯಾಟಿಂಗ್‌ಗೆ ಇವತ್ತು 25, ಮುಂದಕ್ಕೆ 50 ಅಂತ ಬರೆದೆ. ಬರೆದು ಒಂದು ರಾತ್ರಿ ಹಾಗೇ ಇಟ್ಟು, ಬೆಳಗ್ಗೆ ಮತ್ತೆ ನೋಡಿದೆ. ಬದಲಿಸಬೇಕು ಅನ್ನಿಸಲಿಲ್ಲ.

ಇನ್ನು ಅವನು ಪಿಚ್ ಮಾಡುವ ದಿನದ ಕಥೆಯೇ ಬೇರೆ. ಔಟ್‌ಫೀಲ್ಡ್ ಆಡುವ ದಿನ ನಾವು ನಾಲ್ಕೈದು ಜನ ಇದ್ದರೆ, ಪಿಚಿಂಗ್ ದಿನ ಬ್ಯಾಟರ್ ನಿಲ್ಲುವ ಹೋಂ ಪ್ಲೇಟ್ ಹಿಂದೆ ಕೂರಲು ಜಾಗ ಇಲ್ಲ. ಅವನು ಕಾಲೆತ್ತಿದ ಕೂಡಲೇ ಸಾಲಾಗಿ ವೇಗ ಅಳೆಯುವ ರೇಡಾರ್ ಗನ್‌ಗಳು ಮೇಲೇಳುತ್ತವೆ. ಬಹುತೇಕ ಎಲ್ಲರ ಕೈಯಲ್ಲೂ ಸ್ಟಾಕರ್ ಕಂಪನಿಯದ್ದು. ಮೊದಲ ಇನ್ನಿಂಗ್‌ನಲ್ಲಿ 91, 92, ಒಂದು 93. ಕ್ರಿಕೆಟ್ ಲೆಕ್ಕದಲ್ಲಿ 92 ಅಂದರೆ ಗಂಟೆಗೆ 148 ಕಿಲೋಮೀಟರ್. ಅದೂ ಓಡಿ ಬಂದು ಅಲ್ಲ, ಹತ್ತಂಗುಲ ಎತ್ತರದ ಮಣ್ಣಿನ ದಿಬ್ಬದ ಮೇಲೆ ನಿಂತಲ್ಲೇ. ಅಲ್ಲಿಂದ ಪ್ಲೇಟ್‌ಗೆ 60 ಅಡಿ 6 ಅಂಗುಲ, ನಮ್ಮ ಕ್ರಿಕೆಟ್ ಪಿಚ್‌ಗಿಂತ ಚಿಕ್ಕದು.

ರೇಡಾರ್ ಗನ್ ಬಗ್ಗೆ ನನಗೊಂದು ತಕರಾರಿದೆ. ಅದು ಸುಳ್ಳು ಹೇಳುವುದಿಲ್ಲ, ಆದರೆ ಅದು ಹೇಳಿದ ಮೇಲೆ ಉಳಿದವರು ನೋಡುವುದನ್ನು ನಿಲ್ಲಿಸುತ್ತಾರೆ. 93 ಕಂಡವರು ಅದನ್ನು ಬರೆದುಕೊಂಡು ಮೂರನೇ ಇನ್ನಿಂಗ್‌ಗೆ ಕಾರು ಹತ್ತಿದರು. ಐದನೇ ಇನ್ನಿಂಗ್‌ನಲ್ಲಿ ಅವನು 87, 88ಕ್ಕೆ ಇಳಿದದ್ದನ್ನು ನೋಡಲು ಉಳಿದವರು ಕಮ್ಮಿ. ಕರ್ವ್‌ಬಾಲ್ ತಿರುವು ಚೆನ್ನಾಗಿತ್ತು, ಆದರೆ ಅದನ್ನು ಎಸೆಯುವಾಗ ಕೈ ಒಂದು ಚೂರು ನಿಧಾನ. ಹೈಸ್ಕೂಲ್ ಬ್ಯಾಟರ್‌ಗೆ ಅದು ಕಾಣುವುದಿಲ್ಲ, ಮೇಲಿನ ಹಂತದಲ್ಲಿ ಕಾಣದೇ ಇರುವುದಿಲ್ಲ. ಚೇಂಜಪ್ (ಬೇಕಂತಲೇ ವೇಗ ತಗ್ಗಿಸಿದ ಎಸೆತ) ಇತ್ತು ಅಂತ ಅವನು ಹೇಳುತ್ತಾನೆ, ನಾನು ನೋಡಲಿಲ್ಲ. ಬೇಸ್ ಮೇಲೆ ಎದುರಾಳಿ ಇದ್ದಾಗ, ಅವನು ಎಸೆಯಲು ಮೈ ಅಲ್ಲಾಡಿಸಿದಲ್ಲಿಂದ ಚೆಂಡು ಪ್ಲೇಟ್ ಮುಟ್ಟಲು 1.5 ಸೆಕೆಂಡ್. 1.3 ಇದ್ದರೆ ಸರಿ. 1.5 ಅಂದರೆ ಓಟಗಾರನಿಗೆ ಮುಂದಿನ ಬೇಸ್‌ಗೆ ಬನ್ನಿ ಅಂತ ಕರೆದ ಹಾಗೆ.

ಆಮೇಲೆ ನಡೆದದ್ದು ನನಗೆ ಇಷ್ಟವಾಗಲಿಲ್ಲ. ಟೆಕ್ಸಸ್‌ನ ಶಾಲಾ ನಿಯಮದಲ್ಲಿ ಒಬ್ಬ ಹುಡುಗ ಒಂದು ದಿನಕ್ಕೆ 110 ಪಿಚ್ ದಾಟುವಂತಿಲ್ಲ. ಇವನನ್ನು ತೊಂಬತ್ತರ ಆಸುಪಾಸಿನಲ್ಲಿ ನಿಲ್ಲಿಸಿದರು. ಅಷ್ಟೇನೂ ತಪ್ಪಿಲ್ಲ. ಆದರೆ ಬೆಂಚಿಗೆ ಕಳಿಸಲಿಲ್ಲ, ರೈಟ್ ಫೀಲ್ಡ್‌ಗೆ ಕಳಿಸಿದರು. ಅಲ್ಲಿ ಸುಮಾರು ಹೊತ್ತು ಚೆಂಡು ಬರಲಿಲ್ಲ. ಗಾಳಿ ತಣ್ಣಗೆ ಬೀಸುತ್ತಿತ್ತು, ಕೈ ಆರಿಹೋಗಿರುತ್ತದೆ. ಆಗ ಅವನ ಮುಂದೆ ಒಂದು ಸಿಂಗಲ್ ಬಿತ್ತು, ಎರಡನೇ ಬೇಸ್ ಮೇಲಿದ್ದ ಎದುರಾಳಿ ಓಟಗಾರ ಹೋಂ ಪ್ಲೇಟ್ ಕಡೆ ಓಡಿದ. ಇವನು ಎತ್ತಿ ಪೂರಾ ಜೋರಾಗಿ ಎಸೆದ. ಔಟ್! ಜನ ಎದ್ದು ಕೂಗಿದರು. ಅವನು ಮಾತ್ರ ತನ್ನ ಜಾಗಕ್ಕೆ ವಾಪಸ್ ನಡೆಯುತ್ತಾ ಮೊಣಕೈಯನ್ನು ಎರಡು ಸಲ ಬಿಚ್ಚಿ ಮಡಿಸಿ ನೋಡಿಕೊಂಡ. ಪಿಚ್ ಲೆಕ್ಕ ಇಡುವ ನಿಯಮಕ್ಕೆ ಔಟ್‌ಫೀಲ್ಡ್ ಎಸೆತ ಲೆಕ್ಕಕ್ಕಿಲ್ಲ. ಮೊಣಕೈಗೆ ಆ ವ್ಯತ್ಯಾಸ ಯಾರು ಹೇಳಿಕೊಡ್ತಾರೆ? 1974ರಲ್ಲಿ ಡಾಕ್ಟರ್ ಫ್ರಾಂಕ್ ಜೋಬ್ ಅವರು ಟಾಮಿ ಜಾನ್ ಎಂಬ ಪಿಚರ್‌ನ ಮೊಣಕೈಗೆ ಮೊದಲ ಸಲ ಮಾಡಿದ ಆಪರೇಷನ್ ಈಗ ಹೈಸ್ಕೂಲ್ ಹುಡುಗರವರೆಗೂ ಬಂದಿದೆ. ಮಾಡಿಸಿಕೊಂಡರೆ ಮತ್ತೆ ಪಿಚ್ ಮಾಡಲು ಒಂದು ವರ್ಷವಾದರೂ ಬೇಕು. ನಾನು ರಿಪೋರ್ಟ್‌ನ ಆರೋಗ್ಯದ ಸಾಲಿನಲ್ಲಿ ಆ ಮೊಣಕೈ ವಿಷಯ ಬರೆದೆ.

ಏಪ್ರಿಲ್‌ನಲ್ಲಿ ಕ್ರಾಸ್‌ಚೆಕರ್ ಬಂದರು. ಹಲವು ಏರಿಯಾ ಸ್ಕೌಟ್‌ಗಳ ಮೇಲೆ ಇರುವವರು ಇವರು, ಒಂದೆಡೆಯ ಹುಡುಗನನ್ನು ಇನ್ನೊಂದೆಡೆಯವನ ಜೊತೆ ತೂಗಿ ನೋಡುವುದು ಇವರ ಕೆಲಸ. ಹುಡುಗ ಅವತ್ತು 88 ದಾಟಲಿಲ್ಲ. ಏರಿಯಾ ಸ್ಕೌಟ್ ಬಲೆಗೆ ಒರಗಿ ಸೂರ್ಯಕಾಂತಿ ಬೀಜ ಉಗುಳುತ್ತಾ ನಿಂತರು, ಒಂದು ಮಾತಿಲ್ಲ. ವಾಪಸ್ ಬರುವಾಗ ಕಾರಿನಲ್ಲಿ ನೋಲನ್ ರಯಾನ್ ಕಥೆ ಹೇಳಿದರು. ಟೆಕ್ಸಸ್ ಸ್ಕೌಟ್‌ಗಳಿಗೆ ಅದು ಮನೆದೇವರ ಕಥೆ. ಹ್ಯೂಸ್ಟನ್ ಹತ್ತಿರದ ಆಲ್ವಿನ್ ಎಂಬ ಊರಿನ ಹುಡುಗ. ಮೆಟ್ಸ್ ತಂಡದ ರೆಡ್ ಮರ್ಫ್ ಎಂಬ ಸ್ಕೌಟ್ ಅವನ ಎಸೆತ ನೋಡಿ ಮರುಳಾಗಿ, ಬಾಸ್ ಬಿಂಗ್ ಡಿವೈನ್ ಅವರನ್ನು ಕರೆತಂದರು. ಅವತ್ತೇ ರಯಾನ್ ಚೆನ್ನಾಗಿ ಹೊಡೆಸಿಕೊಂಡ. 1965ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ, 12ನೇ ಸುತ್ತಿನವರೆಗೂ ಅವನನ್ನು ಯಾರೂ ತೆಗೆದುಕೊಳ್ಳಲಿಲ್ಲ. ಕೊನೆಗೆ ಮೆಟ್ಸ್ ತೆಗೆದುಕೊಂಡಿತು. ಮುಂದೆ 5,714 ಸ್ಟ್ರೈಕ್‌ಔಟ್, ಏಳು ನೋ-ಹಿಟ್ಟರ್ (ಎದುರಾಳಿಗೆ ಒಂದೂ ಹಿಟ್ ಕೊಡದ ಪಂದ್ಯ). ಕಥೆ ಚೆನ್ನಾಗಿದೆ. ಆದರೆ ಬಾಸ್ ಬಂದ ದಿನ ಹೊಡೆಸಿಕೊಂಡು, ಆಮೇಲೂ ಏನೂ ಆಗದೆ ಹೋದ ಸಾವಿರಾರು ಹುಡುಗರ ಕಥೆ ಯಾರೂ ಕಾರಿನಲ್ಲಿ ಹೇಳುವುದಿಲ್ಲ, ಅಲ್ವಾ?

ಮನೆಗೆ ಹೋಗಿ ಮಾತಾಡುವುದೂ ಈ ಕೆಲಸದ ಭಾಗ. ಏರಿಯಾ ಸ್ಕೌಟ್ ನನ್ನನ್ನೂ ಕರೆದುಕೊಂಡು ಹೋದರು. ಅಪ್ಪ ಗಟ್ಟಿಮುಟ್ಟು ಆಳು, ಮಗನಿಗಿಂತ ಎತ್ತರ. ಹುಡುಗ ಇನ್ನೂ ಬೆಳೆಯುತ್ತಾನೆ ಅಂತ ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ. ಅಮ್ಮ ನರ್ಸ್. ಹುಡುಗನಿಗೆ ಒಂದು ದೊಡ್ಡ ಕಾಲೇಜಿನಿಂದ ಆಗಲೇ ಕರೆ ಬಂದಿತ್ತು. ಮುಖ್ಯ ಪ್ರಶ್ನೆ ದುಡ್ಡಿನದ್ದು. ಎಷ್ಟು ಕೊಟ್ಟರೆ ಕಾಲೇಜು ಬಿಟ್ಟು ಸಹಿ ಹಾಕುತ್ತೀರಿ? 2012ರಿಂದ ಪ್ರತಿ ತಂಡಕ್ಕೂ ಮೊದಲ ಹತ್ತು ಸುತ್ತಿಗೆ ಇಷ್ಟೇ ಅಂತ ಒಂದು ಮೊತ್ತ ಇದೆ, ಅದನ್ನು ಮೀರಿದರೆ ದಂಡ. ಅದಕ್ಕೂ ಹಿಂದಿನ ವರ್ಷ ಡಾಲಸ್‌ನ ಜಾಶ್ ಬೆಲ್ ಎಂಬ ಔಟ್‌ಫೀಲ್ಡರ್, ನನ್ನನ್ನು ತೆಗೆದುಕೊಳ್ಳಬೇಡಿ, ನಾನು ಕಾಲೇಜಿಗೆ ಹೋಗುತ್ತೇನೆ ಅಂತ ತಿಳಿಸಿದ್ದರೂ ಪೈರೇಟ್ಸ್ ತಂಡ ಎರಡನೇ ಸುತ್ತಿನಲ್ಲಿ ತೆಗೆದುಕೊಂಡು 50 ಲಕ್ಷ ಡಾಲರ್ ಕೊಟ್ಟು ಒಪ್ಪಿಸಿತ್ತು. ಈಗ ಆ ಥರ ಸುರಿಯುವುದು ಕಷ್ಟ. ಆದರೆ ಡಾಲಸ್ ಕಡೆಯ ಅಪ್ಪಂದಿರಿಗೆ ಆ 50 ಲಕ್ಷ ಇನ್ನೂ ಮರೆತಿಲ್ಲ.

ಅಪ್ಪ ಬೋನಸ್ ಕೇಳಿದರೆ, ಅಮ್ಮ ಕೇಳಿದ್ದು ಬೇರೆ. 'ಬೋನಸ್ ಖರ್ಚಾದ ಮೇಲೆ ಇವನು ತಿನ್ನುವುದೇನು?' ಏರಿಯಾ ಸ್ಕೌಟ್ ಮುಚ್ಚಿಡಲಿಲ್ಲ. 2023ರ ಒಪ್ಪಂದದ ಪ್ರಕಾರ, ಮೇಜರ್ ಲೀಗ್‌ಗೆ ಮೆಟ್ಟಿಲಾದ ಮೈನರ್ ಲೀಗ್‌ನ ತೀರಾ ಕೆಳಗಿನ ಹಂತದಲ್ಲಿ ಕನಿಷ್ಠ ಸಂಬಳ ವರ್ಷಕ್ಕೆ 19,800 ಡಾಲರ್, ಮೇಲಿನ ಟ್ರಿಪಲ್ ಎ ಹಂತದಲ್ಲಿ 35,800. ಮೊದಲಿಗಿಂತ ಎಷ್ಟೋ ಜಾಸ್ತಿ, ಆದರೂ ನರ್ಸ್ ಸಂಬಳದ ಮುಂದೆ ಏನೂ ಅಲ್ಲ. ಓದಿನ ಖರ್ಚನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಬಹುದು, ಆಟ ಬಿಟ್ಟ ಮೇಲೆ ಎರಡು ವರ್ಷದೊಳಗೆ ಕಾಲೇಜು ಸೇರಿದರೆ ತಂಡವೇ ಫೀಸು ಕಟ್ಟುತ್ತದೆ ಅಂತಲೂ ಹೇಳಿದರು. 'ಎಷ್ಟು ಜನ ಹಾಗೆ ವಾಪಸ್ ಹೋಗಿ ಓದಿದ್ದಾರೆ?' ಅಂತ ಆಯಮ್ಮ ಮತ್ತೆ ಕೇಳಿದರು. ಡಿಗ್ರಿ ಮುಗಿಸು, ಆಮೇಲೆ ಏನಾದರೂ ಮಾಡು ಅನ್ನುವುದು ನಮ್ಮ ಕಡೆಯವರ ಮಾತು ಮಾತ್ರ ಅಂದುಕೊಂಡಿದ್ದೆ.

ನಾನು ಹುಡುಗನಿಗೆ ಒಂದೇ ಪ್ರಶ್ನೆ ಕೇಳಿದೆ, ನಿನಗೆ ಯಾವುದು ಇಷ್ಟ ಅಂತ. 'ಎರಡೂ' ಅಂದ. ಗೋಡೆಯ ಮೇಲೆ, ಪಿಚಿಂಗ್ ಬ್ಯಾಟಿಂಗ್ ಎರಡೂ ಮಾಡುವ ಜಪಾನಿನ ಶೋಹೆ ಓಟಾನಿ ಚಿತ್ರ. ಓಟಾನಿ ಬಂದ ಮೇಲೆ ಎಲ್ಲ ಹುಡುಗರದೂ ಇದೇ ಉತ್ತರ. 2020ರಲ್ಲಿ ಮೇಜರ್ ಲೀಗ್ ಎರಡೂ ಆಡುವವರಿಗೆ ಅಂತ ನಿಯಮದಲ್ಲೇ ಬೇರೆ ಜಾಗ ಮಾಡಿತು. ಆದರೆ ಆ ಜಾಗದಲ್ಲಿ ನೆಲೆ ನಿಂತವನು ಅವನೊಬ್ಬನೇ. ಹಿಂದೆ ಎರಡೂ ಆಡುತ್ತಿದ್ದ ಬೇಬ್ ರೂತ್ ಕೂಡ ಬೋಸ್ಟನ್ ಬಿಟ್ಟು ಯಾಂಕೀಸ್‌ಗೆ ಬಂದ ಮೇಲೆ ಪಿಚಿಂಗ್ ಹೆಚ್ಚುಕಮ್ಮಿ ಬಿಟ್ಟೇಬಿಟ್ಟಿದ್ದರು.

ಏರಿಯಾ ಸ್ಕೌಟ್ ಮತ್ತು ನನಗೆ ಜಗಳ ಹತ್ತಿದ್ದು ಇಲ್ಲೇ. ಅವರು ಪಿಚರ್ ಅಂದರು. ಮೈ ತುಂಬಿದರೆ 96 ಎಸೆಯುತ್ತಾನೆ, ಆ ಕೈ ಕಲಿಸಿ ಬರುವಂಥದ್ದಲ್ಲ ಅನ್ನುವುದು ಅವರ ವಾದ. ನಾನು ಔಟ್‌ಫೀಲ್ಡರ್ ಅಂದೆ. ಹೈಸ್ಕೂಲ್ ಪಿಚರ್‌ನಷ್ಟು ಅಪಾಯದ ಸರಕು ಡ್ರಾಫ್ಟ್‌ನಲ್ಲಿ ಇನ್ನೊಂದಿಲ್ಲ. ಡ್ರಾಫ್ಟ್ ಶುರುವಾದ 1965ರಿಂದ 2025ರವರೆಗೆ ಮೊಟ್ಟಮೊದಲ ಆಯ್ಕೆಯಾದ ಹೈಸ್ಕೂಲ್ ಪಿಚರ್‌ಗಳು ಮೂವರೇ, ಮೂವರೂ ಎಡಗೈಯವರು. 1973ರ ಡೇವಿಡ್ ಕ್ಲೈಡ್‌ನನ್ನು 18 ವರ್ಷಕ್ಕೇ ಶಾಲೆಯಿಂದ ನೇರ ಮೇಜರ್ ಲೀಗ್‌ಗೆ ತಂದು ಹಾಳು ಮಾಡಿದರು. 1991ರ ಬ್ರಿಯನ್ ಟೇಲರ್ ಜಗಳದಲ್ಲಿ ಭುಜಕ್ಕೆ ಪೆಟ್ಟು ಮಾಡಿಕೊಂಡು ಮೇಜರ್ ಲೀಗ್ ಮುಖವನ್ನೇ ನೋಡಲಿಲ್ಲ. 2014ರ ಬ್ರೇಡಿ ಏಕನ್ ಮೊಣಕೈ ತಕರಾರಿನಲ್ಲಿ ಆ ವರ್ಷ ಸಹಿಯನ್ನೇ ಹಾಕಲಿಲ್ಲ. ಬಲಗೈ ಹುಡುಗನನ್ನು ಆ ಜಾಗಕ್ಕೆ ತೆಗೆದುಕೊಳ್ಳುವ ಧೈರ್ಯ ಯಾರೂ ಮಾಡಲಿಲ್ಲ.

ನನ್ನ ನಿಜವಾದ ಕಾರಣ ಬೇರೆ. ಬ್ಯಾಟಿಂಗ್ ಸಾವಿರಾರು ಎಸೆತ ಎದುರಿಸಿದ ಮೇಲೆ ಬರುವ ವಿದ್ಯೆ. 18ಕ್ಕೆ ನಿಲ್ಲಿಸಿ 22ಕ್ಕೆ ಮತ್ತೆ ಹಿಡಿಯುತ್ತೇನೆ ಅಂದರೆ ಆಗುವುದಿಲ್ಲ. ಪಿಚಿಂಗ್‌ಗೆ ತಡವಾಗಿಯಾದರೂ ಮರಳಬಹುದು. ಟ್ರೆವರ್ ಹಾಫ್‌ಮನ್ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವಿನ ಫೀಲ್ಡರ್) ಆಗಿದ್ದವರು, ಕೆನ್ಲಿ ಜಾನ್ಸನ್ ಕ್ಯಾಚರ್ (ನಮ್ಮ ವಿಕೆಟ್‌ಕೀಪರ್ ಥರ) ಆಗಿದ್ದವರು, ಇಬ್ಬರೂ ಆಮೇಲೆ ಹೆಸರಾಂತ ಪಿಚರ್‌ಗಳಾದರು. ಉಲ್ಟಾ ಹೋಗಿ ಗೆದ್ದವರು ಅಂದರೆ ರಿಕ್ ಆಂಕೀಲ್ ಥರ ಅಪರೂಪ. ಹಾಗಾದರೆ ಕಷ್ಟದ್ದನ್ನು ಮೊದಲು ಪರೀಕ್ಷಿಸಬೇಕು ತಾನೆ? ಬ್ಯಾಟ್ ಕೈಕೊಟ್ಟರೆ ಆ ಕೈ ಎಲ್ಲಿಗೂ ಓಡಿಹೋಗಿರುವುದಿಲ್ಲ. ಒಟ್ಟು ಅಂಕ ಔಟ್‌ಫೀಲ್ಡರ್‌ಗೆ 50, ಪಿಚರ್‌ಗೆ 45 ಅಂತ ಬರೆದು ಕಳಿಸಿದೆ. ಅವರದ್ದು ಸರಿಯಾಗಿ ತಿರುಗಾಮುರುಗಾ. ಎರಡೂ ಮೇಲಕ್ಕೆ ಹೋದವು.

ಜುಲೈನಲ್ಲಿ ಡ್ರಾಫ್ಟ್. ಈಗ 20 ಸುತ್ತು ಮಾತ್ರ, 2019ರವರೆಗೆ 40 ಇತ್ತು. ಆಯ್ಕೆಗೆ ಸ್ವಲ್ಪ ಮುಂಚೆ ತಂಡದಿಂದ ಆ ಮನೆಗೆ ಫೋನ್ ಹೋಯಿತು, ಇಷ್ಟಕ್ಕೆ ಒಪ್ಪುತ್ತೀರಾ ಅಂತ. ಅಪ್ಪ ತಮ್ಮ ಅಂಕಿಯಿಂದ ಇಳಿಯಲಿಲ್ಲ. ಇಳಿಯಲು ಅಮ್ಮ ಬಿಡಲಿಲ್ಲ ಅಂತ ನನ್ನ ಅನುಮಾನ. ಬೇರೆ ತಂಡಗಳೂ ಮುಟ್ಟಲಿಲ್ಲ. ಹುಡುಗ ಆಗಸ್ಟ್‌ನಲ್ಲಿ ಕಾಲೇಜು ಸೇರಿದ. ನಾಲ್ಕು ವರ್ಷದ ಕಾಲೇಜು ಸೇರಿದರೆ ಮೂರು ವರ್ಷ ಮುಗಿಯಬೇಕು, ಇಲ್ಲಾ 21 ತುಂಬಬೇಕು. ಅಲ್ಲಿಯವರೆಗೆ ಯಾವ ತಂಡವೂ ಅವನನ್ನು ತೆಗೆದುಕೊಳ್ಳುವಂತಿಲ್ಲ.

ಕಾಲೇಜಿನ ಕೋಚ್ ಅವನನ್ನು ಸೆಂಟರ್ ಫೀಲ್ಡ್‌ನಲ್ಲಿ ಆಡಿಸುತ್ತಾರೆ, ಕೊನೆಯ ಇನ್ನಿಂಗ್‌ಗೆ ಪಿಚಿಂಗ್ ದಿಬ್ಬಕ್ಕೂ ಕರೆಯುತ್ತಾರೆ. ಮೊನ್ನೆ ಏರಿಯಾ ಸ್ಕೌಟ್‌ರಿಂದ ಮೆಸೇಜ್ ಬಂತು, ಬರೀ ಒಂದು ಅಂಕಿ: 95. ನಾನೂ ಒಂದು ಅಂಕಿ ಕಳಿಸಿದೆ: 4.05. ಅದಕ್ಕೆ ಅವರು, 'ಬಂಟ್ ಮಾಡಿದ್ದಾ?' ಅಂತ ಕೇಳಿದ್ದಾರೆ.